ಲಸಿಕೆ ಹನಿಸುವ ಕೈಗಳು: ವಿಕ್ರೋಳಿಯ ಆರೋಗ್ಯ ಸೇವಿಕೆಯರು ಮತ್ತು ಸೋಂಕು ನಿಯಂತ್ರಣದ ಪ್ರಶ್ನೆ

ಪಲ್ಸ್ ಪೋಲಿಯೊ ಭಾನುವಾರ ಬಂತೆಂದರೆ ವಿಕ್ರೋಳಿಯ ಕಣ್ಣಮ್‌ವಾರ್ ನಗರ, ಟಾಗೋರ್ ನಗರ, ಪಾರ್ಕ್‌ಸೈಟ್ ಮೊದಲಾದ ವಸತಿಗಳಲ್ಲಿ ಮೇಜು ಕುರ್ಚಿಗಳ ಪುಟ್ಟ ಬೂತ್‌ಗಳು ತೆರೆದುಕೊಳ್ಳುತ್ತವೆ. ಐದು ವರ್ಷದೊಳಗಿನ ಮಕ್ಕಳ ಬಾಯಿಗೆ ಎರಡು ಹನಿ, ಎಡಗೈಯ ಕಿರುಬೆರಳಿಗೆ ಶಾಯಿಯ ಗುರುತು. ಬೂತ್‌ಗೆ ಬಾರದ ಮಕ್ಕಳನ್ನು ಹುಡುಕಿಕೊಂಡು ಮಹಾನಗರಪಾಲಿಕೆಯ ಆರೋಗ್ಯ ಸೇವಿಕೆಯರು ಮರುದಿನದಿಂದಲೇ ಹೆಗಲಿಗೆ ಲಸಿಕೆಯ ಪೆಟ್ಟಿಗೆ ತೂಗುಹಾಕಿಕೊಂಡು ಮನೆಮನೆ ಹತ್ತಿ ಇಳಿಯುತ್ತಾರೆ. ನಮ್ಮಲ್ಲಿ ಬಹಳಷ್ಟು ಮಂದಿ ಈ ಮಹಿಳೆಯರನ್ನು ಕಂಡಿರುತ್ತೇವೆ; ಕುಡಿಯಲು ನೀರು ಬೇಕೇ ಎಂದು ಕೇಳಿದವರೂ ಇರಬಹುದು. ಕೈ ತೊಳೆಯಲು ನೀರು ಬೇಕೇ ಎಂದು ಕೇಳಿದವರು ವಿರಳ.

ಈ ಎರಡನೆಯ ಪ್ರಶ್ನೆಯೇ ಇಲ್ಲಿನ ಚರ್ಚೆಯ ವಿಷಯ. ಒಂದೇ ದಿನದಲ್ಲಿ ಹಲವಾರು ಮನೆಗಳ ಹೊಸ್ತಿಲು ತುಳಿದು, ಹಲವಾರು ಮಕ್ಕಳ ಗಲ್ಲ ಹಿಡಿದು ಔಷಧಿ ಹಾಕುವ ವ್ಯಕ್ತಿ ರೋಗದ ವಿರುದ್ಧದ ಕಾವಲುಗಾರ್ತಿಯೂ ಹೌದು. ಎಚ್ಚರ ತಪ್ಪಿದರೆ ರೋಗದ ವಾಹಕಳೂ ಆಗಬಲ್ಲಳು. ಹಾಗಾಗದಂತೆ ನೋಡಿಕೊಳ್ಳುವುದು ಅವಳೊಬ್ಬಳ ಕರ್ತವ್ಯವೆಂದು ನಮ್ಮ ವ್ಯವಸ್ಥೆಯೂ ನಮ್ಮ ಸಮಾಜವೂ ಭಾವಿಸಿಕೊಂಡು ಬಂದಿವೆ. ಆ ಭಾವನೆ ಎಷ್ಟು ಸರಿ ಎಂಬುದನ್ನು ಕಳೆದ ಕೆಲವು ವರ್ಷಗಳ ಘಟನೆಗಳು ಮರುಪರಿಶೀಲನೆಗೆ ಒಡ್ಡಿವೆ.

ಮೊದಲು ಕೆಲಸದ ಸ್ವರೂಪವನ್ನು ನೋಡೋಣ. ಬಾಯಿಯ ಮೂಲಕ ಕೊಡುವ ಪೋಲಿಯೊ ಲಸಿಕೆ ಅತ್ಯಂತ ಸರಳವೆಂದು ತೋರುತ್ತದೆ. ಆದರೆ ಅದರಲ್ಲಿಯೂ ನಿಯಮಗಳಿವೆ. ಹನಿಸುವ ನಳಿಕೆ ಮಗುವಿನ ತುಟಿಗಾಗಲೀ ನಾಲಿಗೆಗಾಗಲೀ ತಾಗಬಾರದು. ತಾಗಿದರೆ ಅದನ್ನು ಬದಲಿಸಬೇಕು, ಏಕೆಂದರೆ ಅದೇ ಸೀಸೆಯಿಂದ ಇನ್ನೂ ಹತ್ತು ಹದಿನೈದು ಮಕ್ಕಳಿಗೆ ಲಸಿಕೆ ಹೋಗಬೇಕಿದೆ. ಸೀಸೆಯ ಮೇಲಿನ ವೃತ್ತದೊಳಗೊಂದು ಚಿಕ್ಕ ಚೌಕವಿರುತ್ತದೆ. ಚೌಕದ ಬಣ್ಣ ವೃತ್ತದ ಬಣ್ಣದಷ್ಟು ಗಾಢವಾದರೆ ಲಸಿಕೆ ಬಿಸಿಗೆ ಕೆಟ್ಟಿದೆ ಎಂದು ಅರ್ಥ, ಎಸೆಯಬೇಕು. ಬೆರಳಿಗೆ ಗುರುತು ಹಾಕುವಾಗ ಮಗುವಿನ ಕೈ ಹಿಡಿಯಬೇಕಾಗುತ್ತದೆ. ಅಂಗಳದಲ್ಲಿ ಆಡುತ್ತಿದ್ದ ಮಗುವಿನ ಕೈ ಎಂಥದ್ದೆಂದು ತಾಯಂದಿರಿಗೆ ಹೇಳಬೇಕಾಗಿಲ್ಲ. ಆ ಕೈ ಹಿಡಿದ ಕೈಯೇ ಮರುಕ್ಷಣ ಸೀಸೆಯನ್ನೂ ಮುಂದಿನ ಮಗುವಿನ ಗಲ್ಲವನ್ನೂ ಹಿಡಿಯುತ್ತದೆ. ಕೋವಿಡ್ ಕಾಲದಲ್ಲಿ ಮಗುವನ್ನು ಹೆತ್ತವರೇ ಹಿಡಿದುಕೊಳ್ಳಲಿ, ಕಾರ್ಯಕರ್ತೆ ಮುಟ್ಟದೆಯೇ ಹನಿ ಹಾಕಲಿ ಎಂಬ ಪದ್ಧತಿ ಬಂದದ್ದು ಇದೇ ಕಾರಣಕ್ಕೆ. ಆ ಸಾಂಕ್ರಾಮಿಕ ಹೋದರೂ ಈ ಪದ್ಧತಿ ಉಳಿಯಬೇಕಾಗಿತ್ತು.

ಒಂಬತ್ತು ತಿಂಗಳಿನಿಂದ ಐದು ವರ್ಷದವರೆಗೆ ಆರಾರು ತಿಂಗಳಿಗೊಮ್ಮೆ ಕೊಡುವ 'ಎ' ಜೀವಸತ್ವದ ದ್ರಾವಣವನ್ನು ತೆಗೆದುಕೊಳ್ಳಿ. ಇದು ಚಮಚದಿಂದ ಕುಡಿಸುವ ಔಷಧಿ. ಒಂದೇ ಚಮಚ ಮಗುವಿನಿಂದ ಮಗುವಿಗೆ ಹೋದರೆ ಎಂಜಲೂ ಹೋಗುತ್ತದೆ. ಮನೆಯ ಚಮಚವನ್ನೇ ತನ್ನಿರೆಂದು ತಾಯಿಗೆ ಹೇಳಿದರೆ ಪೈಸೆಯ ಖರ್ಚಿಲ್ಲದೆ ಸಮಸ್ಯೆ ತೀರುತ್ತದೆ. ಜಂತುಹುಳು ನಿವಾರಣೆಯ ದಿನಗಳಲ್ಲಿ ಶಾಲೆ, ಬಾಲವಾಡಿಗಳಲ್ಲಿ ಕೊಡುವ ಆಲ್ಬೆಂಡಜೋಲ್ ಮಾತ್ರೆಯ ವಿಷಯವೂ ಹಾಗೆಯೇ. 2015ರಿಂದ ರಾಷ್ಟ್ರಮಟ್ಟದಲ್ಲಿ ನಡೆಯುತ್ತಿರುವ ಈ ಕಾರ್ಯಕ್ರಮದಲ್ಲಿ ಎರಡು ವರ್ಷದೊಳಗಿನ ಮಗುವಿಗೆ ಅರ್ಧ ಮಾತ್ರೆಯನ್ನು ಪುಡಿಮಾಡಿ ನೀರಿನೊಂದಿಗೆ ಕೊಡಬೇಕು. ಪುಡಿ ಮಾಡುವುದು ಯಾವುದರ ಮೇಲೆ, ನೀರು ಕುಡಿಸುವುದು ಯಾವ ಲೋಟದಲ್ಲಿ? ಒಂದೇ ಲೋಟ ಇಡೀ ತರಗತಿಯನ್ನು ಸುತ್ತಿ ಬರುವುದಾದರೆ ಹೊಟ್ಟೆಯ ಹುಳುವನ್ನು ಹೊರಹಾಕುವ ಉತ್ಸಾಹದಲ್ಲಿ ಬೇರೆ ರೋಗಾಣುಗಳಿಗೆ ಬಾಗಿಲು ತೆರೆದಂತಾಯಿತು. ಇನ್ನೊಂದು ಮಾತು: ಕೈಗೆ ಹಚ್ಚುವ ಸ್ಯಾನಿಟೈಸರ್ ಸರ್ವರೋಗಕ್ಕೂ ಮದ್ದೆಂಬ ನಂಬಿಕೆ ಕೋವಿಡ್ ನಂತರ ಬೇರೂರಿದೆ. ಕೊಳೆ ಮೆತ್ತಿದ ಕೈಯಲ್ಲಿ ಅದು ಕೆಲಸ ಮಾಡದು. ಜಂತುಹುಳುವಿನ ಮೊಟ್ಟೆಗಳಿಗಂತೂ ಅದು ಲೆಕ್ಕಕ್ಕೇ ಇಲ್ಲ. ಸಾಬೂನು, ನೀರು ಬೇಕೇ ಬೇಕು.

ನೀರು ಎಂದೊಡನೆ ವಿಕ್ರೋಳಿಯ ಭೂಗೋಳ ಎದುರಾಗುತ್ತದೆ. ಪೂರ್ವದಲ್ಲಿ ಸಮತಟ್ಟಾದ ಹೌಸಿಂಗ್ ಬೋರ್ಡ್ ವಸಾಹತುಗಳು, ಅದರಾಚೆ ಥಾಣೆ ಖಾಡಿಯ ಕಾಂಡ್ಲಾ ವನ. ಪಶ್ಚಿಮದಲ್ಲಿ ಗುಡ್ಡಕ್ಕೆ ಅಂಟಿಕೊಂಡ ಸೂರ್ಯನಗರ, ವರ್ಷಾನಗರದಂತಹ ವಸತಿಗಳು. 2021ರ ಜುಲೈ 18ರ ಮಳೆಯಲ್ಲಿ ಸೂರ್ಯನಗರದಲ್ಲಿ ಗುಡ್ಡ ಜರಿದು ಜನ ಸತ್ತದ್ದು ನೆನಪಿನಲ್ಲಿದೆ. ಅಂತಹ ಕಡಿದಾದ ಮೆಟ್ಟಿಲುಗಳನ್ನು ಹತ್ತುವ ಸೇವಿಕೆಗೆ ಪ್ರತಿ ಮನೆಯ ನಂತರ ಕೈ ತೊಳೆದುಕೋ ಎಂದು ತರಬೇತಿಯಲ್ಲಿ ಹೇಳುವುದು ಸುಲಭ. ನಲ್ಲಿಯಲ್ಲಿ ನೀರು ಬರುವ ಹೊತ್ತು ನಿಗದಿತವಾಗಿರುವ ಚಾಳಿನಲ್ಲಿ, ಡ್ರಮ್ಮಿನಲ್ಲಿ ತುಂಬಿಟ್ಟ ನೀರನ್ನು ಇನ್ನೊಬ್ಬರ ಕೈಗೆ ಸುರಿಯಲು ಗೃಹಿಣಿ ಹಿಂಜರಿದರೆ ಅವಳನ್ನು ದೂರುವಂತಿಲ್ಲ. ಮೆಟ್ಟಿಲು ಹತ್ತುವ ಪ್ರತಿಯೊಬ್ಬಳ ಚೀಲದಲ್ಲಿ ಸಾಬೂನು, ನೀರಿನ ಬಾಟಲಿ ಮತ್ತು ಶುಚಿಯಾದ ಬಟ್ಟೆ ಇರುವಂತೆ ನೋಡಿಕೊಳ್ಳುವುದು, ಅದನ್ನು ಬಳಸುವಷ್ಟು ಹೊತ್ತು ಉಳಿಯುವಂತೆ ದಿನದ ಮನೆಗಳ ಸಂಖ್ಯೆಯನ್ನು ಕಡಿಮೆ ಮಾಡುವುದು ಆಡಳಿತದ ಕೆಲಸ. ಗುರಿಯನ್ನು ಹೆಚ್ಚಿಸುತ್ತಾ ಹೋಗಿ, ಶುಚಿತ್ವದ ನಿಯಮವನ್ನು ಮಾತ್ರ ಗೋಡೆಗೆ ಅಂಟಿಸಿದರೆ ಮೊದಲು ಬಲಿಯಾಗುವುದು ಶುಚಿತ್ವವೇ.

ಎಚ್ಚರ ತಪ್ಪಿದರೆ ಏನಾಗುತ್ತದೆ ಎಂಬುದಕ್ಕೆ ದೂರ ಹೋಗಬೇಕಾಗಿಲ್ಲ. 2021ರ ಜನವರಿ 31ರಂದು, ಕೋವಿಡ್ ಲಸಿಕೆಯ ಆರಂಭಕ್ಕಾಗಿ ಎರಡು ವಾರ ಮುಂದೂಡಲ್ಪಟ್ಟಿದ್ದ ಪಲ್ಸ್ ಪೋಲಿಯೊ ದಿನ, ನಮ್ಮದೇ ಮಹಾರಾಷ್ಟ್ರದ ಯವತ್ಮಾಳ ಜಿಲ್ಲೆಯ ಘಾಟಂಜಿ ತಾಲೂಕಿನ ಗ್ರಾಮವೊಂದರಲ್ಲಿ 12 ಮಕ್ಕಳ ಬಾಯಿಗೆ ಪೋಲಿಯೊ ಲಸಿಕೆಯ ಬದಲು ಸ್ಯಾನಿಟೈಸರ್ ಹನಿಗಳು ಬಿದ್ದವು. ಮಕ್ಕಳನ್ನು ಯವತ್ಮಾಳದ ಸರಕಾರಿ ಆಸ್ಪತ್ರೆಗೆ ಸೇರಿಸಲಾಯಿತು, ದೈವಕೃಪೆಯಿಂದ ಚೇತರಿಸಿಕೊಂಡರು. ಸೋಂಕು ತಡೆಯಲೆಂದು ಮೇಜಿನ ಮೇಲಿಟ್ಟ ವಸ್ತುವೇ ಮಕ್ಕಳಿಗೆ ಅಪಾಯವಾದ ವಿಚಿತ್ರ ಪ್ರಸಂಗವಿದು. ತಪ್ಪಿತಸ್ಥರ ಮೇಲೆ ಕ್ರಮ ಕೈಗೊಳ್ಳಲಾಯಿತು. ಅದು ಆಗಬೇಕಾದದ್ದೇ. ಆದರೆ ಸೋಂಕು ನಿಯಂತ್ರಣವೆಂದರೆ ಮೇಜಿನ ಮೇಲೊಂದು ಬಾಟಲಿ ಇಡುವುದಷ್ಟೇ ಎಂದು ತಿಳಿದವರು ಯಾರು? ಲಸಿಕೆಯ ಜಾಗ ಇದು, ಕೈ ಶುಚಿಗೊಳಿಸುವ ಜಾಗ ಅದು, ಎರಡರ ನಡುವೆ ಇಷ್ಟು ಅಂತರ ಎಂದು ಬೂತಿನ ವಿನ್ಯಾಸವನ್ನೇ ಮೊದಲು ಯೋಚಿಸಿದ್ದರೆ ದಣಿದ ಕೈ ತಪ್ಪು ಬಾಟಲಿಯತ್ತ ಚಾಚುವ ಅವಕಾಶವೇ ಇರುತ್ತಿರಲಿಲ್ಲ.

ಇದಕ್ಕಿಂತ ದಾರುಣವಾದದ್ದು ಕರ್ನಾಟಕದ ಬೆಳಗಾವಿ ಜಿಲ್ಲೆಯಿಂದ ಬಂದ ಸುದ್ದಿ. 2022ರ ಜನವರಿಯಲ್ಲಿ ರಾಮದುರ್ಗ ತಾಲೂಕಿನ ಸಾಲಹಳ್ಳಿ ಪ್ರಾಥಮಿಕ ಆರೋಗ್ಯ ಕೇಂದ್ರದ ವ್ಯಾಪ್ತಿಯ ಹಳ್ಳಿಗಳಲ್ಲಿ ದಡಾರ-ರುಬೆಲ್ಲಾ ಚುಚ್ಚುಮದ್ದು ಪಡೆದ ಮೂರು ಹಸುಗೂಸುಗಳು ಕೆಲವೇ ದಿನಗಳಲ್ಲಿ ತೀರಿಕೊಂಡವು. ಲಸಿಕೆಯ ಸೀಸೆಗಳನ್ನು ಹೋಟೆಲೊಂದರ ಫ್ರಿಜ್ಜಿನಲ್ಲಿ ಇರಿಸಲಾಗಿತ್ತೆಂದು ಆಗ ವರದಿಯಾಯಿತು. ಕೆಳಹಂತದ ಸಿಬ್ಬಂದಿಯನ್ನು ಅಮಾನತುಗೊಳಿಸಲಾಯಿತು. ದಡಾರದ ಲಸಿಕೆ ಪುಡಿಯ ರೂಪದಲ್ಲಿರುತ್ತದೆ. ಕೊಡುವ ಮುನ್ನ ದ್ರಾವಕ ಬೆರೆಸಬೇಕು. ಬೆರೆಸಿದ ನಂತರ ಅದರಲ್ಲಿ ರೋಗಾಣುಗಳ ಬೆಳವಣಿಗೆಯನ್ನು ತಡೆಯುವ ಸಂರಕ್ಷಕ ಏನೂ ಇರುವುದಿಲ್ಲ. ಆದ್ದರಿಂದಲೇ ನಾಲ್ಕು ಗಂಟೆಗಳಲ್ಲಿ, ಅಥವಾ ಅಂದಿನ ಶಿಬಿರ ಮುಗಿದೊಡನೆ, ಉಳಿದದ್ದೆಷ್ಟೇ ಇದ್ದರೂ ಚೆಲ್ಲಬೇಕೆಂಬ ಕಟ್ಟುನಿಟ್ಟಿನ ನಿಯಮವಿದೆ. ಪೋಲಿಯೊ ಹನಿಯ ಸೀಸೆಯನ್ನು ಸರಿಯಾಗಿ ಕಾಪಾಡಿದರೆ ಇನ್ನೊಂದು ದಿನ ಬಳಸಬಹುದು; ದಡಾರದ್ದನ್ನು ಕೂಡದು. ಎರಡು ಸೀಸೆಗಳಿಗೆ ಎರಡು ನಿಯಮ, ಎರಡನ್ನೂ ಹೊತ್ತೊಯ್ಯುವ ಪೆಟ್ಟಿಗೆ ಮಾತ್ರ ಒಂದೇ. ಚುಚ್ಚುಮದ್ದು ಕೊಡುವ ಅಧಿಕಾರ ದಾದಿಗೆ ಮಾತ್ರ, ಸೇವಿಕೆಗಲ್ಲ ಎಂಬುದು ನಿಜ. ಆದರೆ ಮಗುವನ್ನು ಕರೆತರುವವಳು, ತಾಯಿಗೆ ಭರವಸೆ ಕೊಡುವವಳು, ಅನಾಹುತವಾದರೆ ಅದೇ ಗಲ್ಲಿಗೆ ಮರುದಿನ ಹೋಗಿ ಮುಖ ತೋರಿಸಬೇಕಾದವಳು ಅವಳೇ.

ಮುಂಬಯಿಗೆ ಈ ಪಾಠ ಹೊಸದಲ್ಲ. 1896ರಲ್ಲಿ ಪ್ಲೇಗ್ ಈ ನಗರವನ್ನು ಅಪ್ಪಳಿಸಿದಾಗ ಇಲ್ಲಿಗೆ ಬಂದ ವಾಲ್ಡೆಮಾರ್ ಹಾಫ್‌ಕಿನ್ ಮರುವರ್ಷದ ಜನವರಿಯಲ್ಲಿ ತನ್ನ ಲಸಿಕೆಯನ್ನು ಮೊದಲು ತನ್ನ ಮೈಗೇ ಚುಚ್ಚಿಕೊಂಡ ಕಥೆ ಪ್ರಸಿದ್ಧ. ಅಷ್ಟು ಪ್ರಸಿದ್ಧವಲ್ಲದ್ದು 1902ರ ಅಕ್ಟೋಬರ್ ಕೊನೆಯಲ್ಲಿ ನಡೆದ ಘಟನೆ. ಪರೇಲಿನ ಪ್ರಯೋಗಾಲಯದಿಂದ ಹೋದ ಲಸಿಕೆಯನ್ನು ಇಂದಿನ ಪಾಕಿಸ್ತಾನದ ಪಂಜಾಬಿನಲ್ಲಿರುವ ಮಲ್ಕೋವಾಲ್ ಎಂಬ ಹಳ್ಳಿಯಲ್ಲಿ 107 ಜನರಿಗೆ ಚುಚ್ಚಲಾಯಿತು. ಅವರಲ್ಲಿ ಒಂದೇ ಬಾಟಲಿಯಿಂದ ಲಸಿಕೆ ಪಡೆದ 19 ಮಂದಿ ಧನುರ್ವಾಯುವಿನಿಂದ ಸತ್ತರು. ಅಪವಾದ ಹಾಫ್‌ಕಿನ್ ಅವರ ತಲೆಗೆ ಬಂತು, ಹುದ್ದೆ ಹೋಯಿತು. ಮುಚ್ಚಳ ತೆಗೆಯುವ ಇಕ್ಕಳ ಅಂದು ನೆಲಕ್ಕೆ ಬಿದ್ದಿತ್ತು, ಅದನ್ನು ಸರಿಯಾಗಿ ಶುದ್ಧಗೊಳಿಸದೆ ಬಾಟಲಿಗೆ ಬಳಸಲಾಗಿತ್ತು ಎಂಬ ಅಂಶಕ್ಕೆ ಬೆಲೆ ಸಿಕ್ಕಿ ಅವರು ದೋಷಮುಕ್ತರಾಗುವ ಹೊತ್ತಿಗೆ 1907 ಆಗಿತ್ತು. ಪರೇಲಿನ ಆ ಸಂಸ್ಥೆ 1925ರಿಂದ ಅವರದೇ ಹೆಸರಿನಲ್ಲಿದೆ. ಅಂದು ಶಿಕ್ಷೆ ಮೇಲಿನವನಿಗೆ ಬಂತು, ಇಂದು ಕೆಳಗಿನವಳಿಗೆ ಬರುತ್ತದೆ. ಎರಡು ಸಂದರ್ಭಗಳಲ್ಲಿಯೂ ಬಾಟಲಿ ತೆರೆಯುವ ಆ ಒಂದು ಕ್ಷಣದ ಸಿದ್ಧತೆ ಹೇಗಿತ್ತು ಎಂಬ ವಿಚಾರಣೆ ಹಿಂದೆ ಬಿತ್ತು.

ಭಯ ಹುಟ್ಟಿಸಲು ಇವನ್ನು ಹೇಳುತ್ತಿಲ್ಲ. ಕೋಟ್ಯಂತರ ಡೋಸುಗಳ ನಡುವೆ ಇಂತಹ ಅವಘಡಗಳು ತೀರಾ ಅಪರೂಪ. ಲಸಿಕೆ ಹಾಕಿಸದೆ ಉಳಿದಾಗ ಆಗುವ ಹಾನಿ ಅದಕ್ಕಿಂತ ಎಷ್ಟೋ ಪಾಲು ದೊಡ್ಡದೆಂಬುದನ್ನು ವಿಕ್ರೋಳಿಯಿಂದ ಕೆಲವೇ ಕಿಲೋಮೀಟರ್ ದೂರದ ಗೋವಂಡಿ 2022ರಲ್ಲಿ ತೋರಿಸಿಕೊಟ್ಟಿತು. ಆ ವರ್ಷದ ಅಕ್ಟೋಬರ್ ಕೊನೆಯಲ್ಲಿ ಅಲ್ಲಿ ಮಕ್ಕಳು ದಡಾರದಿಂದ, ಮರಾಠಿಯಲ್ಲಿ 'ಗೋವರ್' ಎನ್ನುವ ರೋಗದಿಂದ, ಸಾಯತೊಡಗಿದರು. ನವೆಂಬರಿನಲ್ಲಿ ಕೇಂದ್ರದ ತಜ್ಞರ ತಂಡ ಮುಂಬಯಿಗೆ ಬಂತು. ಕೋವಿಡ್ ಕಾಲದಲ್ಲಿ ಹಿಂದೆ ಬಿದ್ದ ಲಸಿಕೆಗಳು, ಊರಿಂದೂರಿಗೆ ಅಲೆಯುವ ಕುಟುಂಬಗಳು, ಅಪನಂಬಿಕೆ ಎಲ್ಲವೂ ಕೂಡಿ ಬಂದಿದ್ದವು. ಸಾಮಾನ್ಯವಾಗಿ ಒಂಬತ್ತು ತಿಂಗಳಿಗೆ ಮೊದಲ ಡೋಸು, ಹದಿನಾರರಿಂದ ಇಪ್ಪತ್ತನಾಲ್ಕು ತಿಂಗಳ ನಡುವೆ ಎರಡನೆಯದು; ಅಂದು ಒಂಬತ್ತು ತಿಂಗಳೂ ತುಂಬದ ಶಿಶುಗಳಲ್ಲಿ ರೋಗ ಹೆಚ್ಚಾಗಿದ್ದ ಪ್ರದೇಶಗಳಲ್ಲಿ ಆರು ತಿಂಗಳಿಗೇ ಹೆಚ್ಚುವರಿ ಡೋಸು ಕೊಡುವ ಸಲಹೆ ಕೇಂದ್ರದಿಂದ ಬಂತು.

ದಡಾರದ ದಿನಗಳಲ್ಲಿ ಸೋಂಕು ನಿಯಂತ್ರಣದ ಅರ್ಥವೇ ಬದಲಾಗುತ್ತದೆ. ಇದು ಗಾಳಿಯಲ್ಲಿ ಹರಡುವ ರೋಗ. ರೋಗಿ ಎದ್ದು ಹೋದ ಎರಡು ಗಂಟೆಯವರೆಗೂ ಕೋಣೆಯ ಗಾಳಿಯಲ್ಲಿ ವೈರಾಣು ಉಳಿಯಬಲ್ಲದು. ಮೈಮೇಲೆ ಗುಳ್ಳೆಗಳೇಳುವ ನಾಲ್ಕು ದಿನ ಮೊದಲಿನಿಂದಲೇ ಮಗು ಸೋಂಕು ಹರಡುತ್ತಿರುತ್ತದೆ. ಇಂತಹ ಸಮಯದಲ್ಲಿ ಲಸಿಕೆಗೆ ಬಂದ ಆರೋಗ್ಯವಂತ ಶಿಶುಗಳನ್ನೂ, ಜ್ವರ ಬಂದ ಮಗುವನ್ನು ಎತ್ತಿಕೊಂಡ ತಾಯಿಯನ್ನೂ ಒಂದೇ ಕಿರಿದಾದ ಪಡಸಾಲೆಯಲ್ಲಿ ಕೂರಿಸಿದರೆ ಲಸಿಕಾ ಶಿಬಿರವೇ ರೋಗದ ಸಂತೆಯಾಗುತ್ತದೆ. ಬಾಗಿಲಲ್ಲಿಯೇ ನಿಂತು 'ಜ್ವರವಿದೆಯೇ? ಮೈಮೇಲೆ ಗುಳ್ಳೆ ಎದ್ದಿದೆಯೇ?' ಎಂದು ಕೇಳಿ ಬೇರೆ ಕಡೆ ಕಳುಹಿಸುವ ಒಬ್ಬ ಹೆಂಗಸು ಅಲ್ಲಿ ವೈದ್ಯರಷ್ಟೇ ಮುಖ್ಯ. ಆ ಹೆಂಗಸು ಈ ಸೇವಿಕೆಯೇ. ಯಾವ ಮನೆಯಲ್ಲಿ ಯಾವ ಮಗು ಕೆಮ್ಮುತ್ತಿದೆ, ಯಾರ ಸೊಸೆ ಹೆರಿಗೆಗೆ ತವರಿಗೆ ಹೋಗಿದ್ದಾಳೆ, ಯಾರು ಹೊಸದಾಗಿ ಬಾಡಿಗೆಗೆ ಬಂದಿದ್ದಾರೆ ಎಂಬ ಅವಳ ಜ್ಞಾನವನ್ನು ಯಾವ ಯಂತ್ರವೂ ಕೊಡಲಾರದು.

ಈ ಜ್ಞಾನಕ್ಕೆ ನಾವು ಕೊಡುವ ಬೆಲೆ ಎಷ್ಟು? ಮುಂಬಯಿಯಲ್ಲಿ ಇಂತಹ ಸುಮಾರು ನಾಲ್ಕು ಸಾವಿರ ಮಹಿಳೆಯರು ಪಾಲಿಕೆಯ ಆರೋಗ್ಯ ಕೇಂದ್ರಗಳಿಗೆ ದುಡಿಯುತ್ತಾರೆ. ದಾಖಲೆಯಲ್ಲಿ ಅವರು ನೌಕರರಲ್ಲ, ಸ್ವಯಂಸೇವಕಿಯರು; ಪಡೆಯುವುದು ಸಂಬಳವಲ್ಲ, ಗೌರವಧನ. 2024ರ ದೀಪಾವಳಿಗೆ ಪಾಲಿಕೆಯ ನೌಕರರಿಗೆ 29,000 ರೂಪಾಯಿ ಬೋನಸ್ ಘೋಷಣೆಯಾದಾಗ ಇವರಿಗೆ ಬಂದದ್ದು 12,000 ರೂಪಾಯಿ. ಅದರ ಹೆಸರೂ ಬೋನಸ್ ಅಲ್ಲ, 'ಭಾವುಬೀಜ್' ಉಡುಗೊರೆ. ಅಣ್ಣ ತಂಗಿಗೆ ಪ್ರೀತಿಯಿಂದ ಕೊಡುವಂಥದ್ದು, ಹಕ್ಕಿನಿಂದ ಕೇಳುವಂಥದ್ದಲ್ಲ! 2020ರ ಸೆಪ್ಟೆಂಬರ್, ಅಕ್ಟೋಬರ್ ತಿಂಗಳುಗಳಲ್ಲಿ 'ಮಾಝೆ ಕುಟುಂಬ್, ಮಾಝಿ ಜಬಾಬ್‌ದಾರಿ' ಅಭಿಯಾನದಲ್ಲಿ ಮನೆಮನೆಗೆ ಹೋಗಿ ಜ್ವರ, ಆಮ್ಲಜನಕ ಅಳೆದವರು ಇವರೇ. ಇವರ ಗ್ರಾಮೀಣ ಸಹೋದರಿಯರಾದ ಆಶಾ ಕಾರ್ಯಕರ್ತೆಯರಿಗೆ 2022ರ ಮೇ ತಿಂಗಳಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಜಾಗತಿಕ ಪ್ರಶಸ್ತಿ ದೊರೆಯಿತು. ಪ್ರಶಸ್ತಿ ಒಳ್ಳೆಯದೇ. ಆದರೆ ಜ್ವರ ಬಂದ ದಿನ ಗೌರವಧನ ಕಡಿತವಾಗುವ ಭಯವಿಲ್ಲದೆ ಮನೆಯಲ್ಲಿ ಉಳಿಯುವ ಅವಕಾಶ ಅದಕ್ಕಿಂತ ಮುಖ್ಯ. ಸೋಂಕು ನಿಯಂತ್ರಣದ ಪುಸ್ತಕಗಳಲ್ಲಿ ಕೈ ತೊಳೆಯುವ ಅಧ್ಯಾಯಕ್ಕೂ ಮೊದಲು ಬರಬೇಕಾದ ಅಧ್ಯಾಯವಿದು: ಕೆಮ್ಮುತ್ತಿರುವ ಕಾರ್ಯಕರ್ತೆ ಕೆಲಸಕ್ಕೆ ಬರಬಾರದು, ಬಾರದಿದ್ದರೆ ಅವಳ ಒಲೆ ಆರಬಾರದು.

ಇನ್ನು ನಮ್ಮ ಕಡೆಗೆ ಬರೋಣ. ಊರು ಬಿಟ್ಟು ಬಂದ ನಮ್ಮ ಹಿರಿಯರು ವಿಕ್ರೋಳಿ, ಘಾಟ್ಕೋಪರ್, ಭಾಂಡುಪಿನ ಚಾಳುಗಳಲ್ಲಿ ಬದುಕು ಕಟ್ಟಿದರು. ಇಂದು ಹಳೆಯ ಕಟ್ಟಡಗಳ ಜಾಗದಲ್ಲಿ ಬಹುಮಹಡಿಗಳೆದ್ದಿವೆ. ಗೇಟು, ವಾಚ್‌ಮನ್, ನೋಂದಣಿ ಪುಸ್ತಕ, ಇಂಟರ್‌ಕಾಮ್ ಬಂದಿವೆ. ಚಾಳಿನ ಬಾಗಿಲು ಆರೋಗ್ಯ ಸೇವಿಕೆಗೆ ಸದಾ ತೆರೆದಿತ್ತು. ಬಹುಮಹಡಿಯ ಗೇಟು ತೆರೆಯುವುದು ಸುಲಭವಲ್ಲ. 'ನಮ್ಮ ಮಕ್ಕಳಿಗೆ ಖಾಸಗಿ ಡಾಕ್ಟರರಲ್ಲಿ ಎಲ್ಲವೂ ಆಗಿದೆ' ಎಂದು ಇಂಟರ್‌ಕಾಮ್‌ನಲ್ಲಿ ಹೇಳಿ ಮುಗಿಸುವುದು ರೂಢಿ. ಆಗಿರಲೂಬಹುದು. ಆದರೆ ಅದೇ ಮನೆಯಲ್ಲಿ ಕೆಲಸಕ್ಕೆ ಬರುವ ಬಾಯಿಯ ಮಗು, ಕಟ್ಟಡದ ಕಾಮಗಾರಿಯ ಕೂಲಿಯವರ ಮಗು, ವಾಚ್‌ಮನ್ನನ ಕೋಣೆಯಲ್ಲಿರುವ ಮಗು ಎಣಿಕೆಗೆ ಬಾರದೆ ಉಳಿಯುತ್ತದೆ. ಸ್ವಂತ ಮಕ್ಕಳ ವಿಷಯದಲ್ಲಿಯೂ ಒಂದು ಮಾತು. ಬೇಸಿಗೆ ರಜೆಗೆ ಊರಿಗೆ ಹೋಗಿ ಜೂನ್ ತಿಂಗಳಲ್ಲಿ ಮರಳುವ ಕುಟುಂಬಗಳಲ್ಲಿ ಎರಡನೆಯ ದಡಾರ ಡೋಸು ಮುಂದೂಡಿ ಮುಂದೂಡಿ ಮರೆತುಹೋಗುವುದು ಅಪರೂಪವಲ್ಲ. ಕಾರ್ಡು ಎಲ್ಲಿದೆ ಎಂದು ಕೇಳಿದರೆ ಅದು ಉಡುಪಿಯ ಮನೆಯ ಕಪಾಟಿನಲ್ಲಿದೆ ಎಂಬ ಉತ್ತರ.

'ಭಾರತ ಪೋಲಿಯೊಮುಕ್ತವಾಗಿದೆಯಲ್ಲ, ಇನ್ನೇಕೆ ಹನಿ?' ಎಂದು ಕೇಳುವ ವಿದ್ಯಾವಂತರೂ ಇದ್ದಾರೆ. ದೇಶದ ಕೊನೆಯ ಸಹಜ ಪೋಲಿಯೊ ಪ್ರಕರಣ 2011ರ ಜನವರಿಯಲ್ಲಿ ಹೌರಾದಲ್ಲಿ. ಪೋಲಿಯೊಮುಕ್ತ ಪ್ರಮಾಣಪತ್ರ ಬಂದದ್ದು 2014ರ ಮಾರ್ಚ್ 27ರಂದು. ಮುಂಬಯಿಯ ಚರಂಡಿ ನೀರನ್ನು 2001ರಿಂದಲೇ ಪೋಲಿಯೊ ವೈರಾಣುವಿಗಾಗಿ ಪರೀಕ್ಷಿಸುತ್ತಾ ಬರಲಾಗಿದೆ. ದೇಶದಲ್ಲಿ ಆ ಕ್ರಮ ಆರಂಭವಾದದ್ದೇ ಈ ನಗರದಲ್ಲಿ. ಆದರೆ 2022ರಲ್ಲಿ ಲಂಡನ್ನಿನ ಕೊಳಚೆ ನೀರಿನಲ್ಲಿ ವೈರಾಣು ಸಿಕ್ಕಿತು. ಅದೇ ವರ್ಷ ನ್ಯೂಯಾರ್ಕ್ ರಾಜ್ಯದಲ್ಲಿ ಲಸಿಕೆ ಪಡೆಯದ ಯುವಕನೊಬ್ಬ ಪಾರ್ಶ್ವವಾಯುವಿಗೆ ತುತ್ತಾದ. 2024ರಲ್ಲಿ ಮೇಘಾಲಯದ ಎರಡು ವರ್ಷದ ಮಗುವಿನಲ್ಲಿ ಲಸಿಕೆಯ ವೈರಾಣುವಿನಿಂದಲೇ ಹುಟ್ಟಿದ ಪೋಲಿಯೊ ಪತ್ತೆಯಾಯಿತು. ಬಾಯಿಯ ಲಸಿಕೆಯಲ್ಲಿ ದುರ್ಬಲಗೊಳಿಸಿದ ಜೀವಂತ ವೈರಾಣು ಇರುತ್ತದೆ, ಅದು ಮಗುವಿನ ಮಲದಲ್ಲಿ ಕೆಲ ವಾರ ಹೊರಬರುತ್ತದೆ. ಎಲ್ಲ ಮಕ್ಕಳೂ ಲಸಿಕೆ ಪಡೆದಿದ್ದರೆ ಅದರಿಂದ ತೊಂದರೆಯಿಲ್ಲ. ಪಡೆಯದವರು ಹೆಚ್ಚಾದರೆ ಅದು ಕೈಯಿಂದ ಕೈಗೆ ಹರಡುತ್ತಾ ಬಲ ಪಡೆಯಬಲ್ಲದು. ಆದ್ದರಿಂದ ಮಗುವಿನ ಬಟ್ಟೆ ಬದಲಿಸಿದ ನಂತರ ಸಾಬೂನಿನಿಂದ ಕೈ ತೊಳೆಯುವುದೂ ಲಸಿಕಾ ಕಾರ್ಯಕ್ರಮದ ಭಾಗವೇ ಆಗಿದೆ, ಅದು ನಮ್ಮ ಬಚ್ಚಲುಮನೆಯಲ್ಲಿ ನಡೆಯುವ ಭಾಗ.

ವಿಕ್ರೋಳಿಯ ಪೂರ್ವಭಾಗ ಪಾಲಿಕೆಯ 'ಎಸ್' ವಾರ್ಡಿನಲ್ಲಿದೆ, ಪಶ್ಚಿಮದ ಕೆಲವು ಪ್ರದೇಶಗಳು 'ಎನ್' ವಾರ್ಡಿನಲ್ಲಿವೆ. ನಮ್ಮ ಸಮಿತಿ ಸದಸ್ಯರಲ್ಲಿ, ಹೌಸಿಂಗ್ ಸೊಸೈಟಿಗಳ ಕಾರ್ಯದರ್ಶಿಗಳಲ್ಲಿ, ತಮ್ಮ ಕಟ್ಟಡ ಯಾವ ಆರೋಗ್ಯ ಕೇಂದ್ರಕ್ಕೆ ಸೇರಿದೆ ಎಂದು ಎಷ್ಟು ಮಂದಿಗೆ ಗೊತ್ತು? ಮುಂದಿನ ವಾರ್ಷಿಕ ಸಭೆಯಲ್ಲಿ ಕಾರ್ ಪಾರ್ಕಿಂಗ್, ಲಿಫ್ಟ್ ದುರಸ್ತಿಗಳ ನಡುವೆ ಐದು ನಿಮಿಷ ಇದಕ್ಕೂ ಸಿಗಲಿ. ಪಲ್ಸ್ ಪೋಲಿಯೊ, ಜಂತುಹುಳು ನಿವಾರಣೆಯ ದಿನಾಂಕಗಳನ್ನು ಸೂಚನಾ ಫಲಕದಲ್ಲಿ ಹಾಕುವುದು, ಗುರುತುಪತ್ರ ತೋರಿಸಿದ ಸೇವಿಕೆಯನ್ನು ತಡೆಯಬಾರದೆಂದು ವಾಚ್‌ಮನ್ನನಿಗೆ ಲಿಖಿತವಾಗಿ ತಿಳಿಸುವುದು, ಕಾಮಗಾರಿಯ ಕೂಲಿಕಾರರ ಮಕ್ಕಳ ಪಟ್ಟಿ ಮಾಡಿಕೊಡುವುದು ಕಷ್ಟದ ಕೆಲಸಗಳಲ್ಲ. ನೆಲಮಹಡಿಯ ಕಚೇರಿಯ ಪಕ್ಕದಲ್ಲಿ ಒಂದು ನಲ್ಲಿ, ಒಂದು ಸಾಬೂನು, ಗಾಳಿ ಬರುವ ಜಾಗದಲ್ಲಿ ಎರಡು ಕುರ್ಚಿ ಇಟ್ಟರೆ ಆಕೆ ಅಲ್ಲಿಯೇ ಕುಳಿತು ಲಸಿಕೆ ಹಾಕಬಹುದು. ತಾಯಂದಿರು ಮಕ್ಕಳನ್ನು ಕೆಳಗೆ ಕರೆತಂದು ತಾವೇ ಹಿಡಿದುಕೊಳ್ಳಬಹುದು. ಹದಿನಾಲ್ಕು ಮಹಡಿ ಹತ್ತಿ ಇಳಿಯುವ ಹೊತ್ತು ಆಕೆಗೆ ಸೂರ್ಯನಗರದ ಮೆಟ್ಟಿಲುಗಳಿಗೆ ಉಳಿಯುತ್ತದೆ.